ಮೊದಲ ಮೀಟಿಂಗಿನ ಬಾಗಿಲ ಮುಂದೆ ನಿಂತಿರುವವರಿಗೆ

ಕುಡಿತ ಬಿಡಬೇಕು ಅಂತ ನನ್ನ ಅಣ್ಣ ಮೊದಲ ಸಲ, ಕುಡಿತ ಬಿಡುವವರು ಒಟ್ಟಿಗೆ ಕೂತು ಮಾತಾಡುವ ಒಂದು ಗುಂಪಿನ ಮೀಟಿಂಗಿಗೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಬಾಗಿಲ ಹತ್ತಿರ ಬಂದವನು ಅಲ್ಲೇ ನಿಂತುಬಿಟ್ಟ. "ಒಳಗೆ ಗುರುತಿನವರು ಯಾರಾದ್ರೂ ಇದ್ರೆ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಎದ್ದು ನಿಂತು ಮಾತಾಡು ಅಂದ್ರೆ ಏನು ಮಾಡ್ಲಿ?" ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ಇಬ್ಬರೂ ವಾಪಸ್ ಬಂದೆವು. ಅವನು ಮತ್ತೆ ಅದೇ ಬಾಗಿಲಿಗೆ ಬರಲು ಮೂರು ವಾರ ಬೇಕಾಯಿತು.

ಆ ಎರಡು ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಆಮೇಲೆ ಓದಿ, ಕೇಳಿ, ಕೂತು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನಿಮಗಾಗಿಯೇ ಇರಬಹುದು, ಮನೆಯವರಿಗಾಗಿ ಇರಬಹುದು.

ಗುಂಪಿಗೂ ಮೊದಲು ಡಾಕ್ಟರ್

ದಿನವೂ ಜಾಸ್ತಿ ಕುಡಿಯುವವರು ಯಾರನ್ನೂ ಕೇಳದೆ ಒಂದೇ ಸಲ ನಿಲ್ಲಿಸಿಬಿಡುವುದು ಅಪಾಯ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. "ಗಟ್ಟಿ ಮನಸ್ಸು ಮಾಡಿ ಇವತ್ತಿನಿಂದಲೇ ಬಿಡು" ಅಂತ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಇಲ್ಲಿ ಮನಸ್ಸಿನ ಜೊತೆ ಮೈಯ ಲೆಕ್ಕವೂ ಇದೆ.

ಮದ್ಯ ಮಿದುಳಿನ ಕೆಲಸವನ್ನು ನಿಧಾನ ಮಾಡುತ್ತದೆ. ವರ್ಷಗಟ್ಟಲೆ ಕುಡಿದಾಗ ಮಿದುಳು ಅದಕ್ಕೆ ಹೊಂದಿಕೊಂಡು, ತನ್ನ ಕಡೆಯಿಂದ ವೇಗ ಜಾಸ್ತಿ ಮಾಡಿಕೊಳ್ಳುತ್ತದೆ. ಸದಾ ಬ್ರೇಕ್ ಹಿಡಿದಿರುವ ಗಾಡಿಯನ್ನು ಓಡಿಸಲು ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದ ಹಾಗೆ. ಕುಡಿತ ಒಮ್ಮೆಲೇ ನಿಂತರೆ ಬ್ರೇಕ್ ಹೋಗುತ್ತದೆ, ಆಕ್ಸಿಲರೇಟರ್ ಮೇಲಿನ ಕಾಲು ಹಾಗೇ ಇರುತ್ತದೆ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಂತಿ, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಇನ್ನು ಕೆಲವರಿಗೆ ಎರಡನೇ ದಿನದಿಂದ ನಾಲ್ಕನೇ ದಿನದ ಮಧ್ಯೆ ತೀವ್ರ ಗೊಂದಲ, ಜ್ವರ, ಇಲ್ಲದ್ದು ಕಾಣುವುದು, ಇಲ್ಲದ ದನಿ ಕೇಳುವುದು ಆಗುತ್ತದೆ. ಡಿಲೀರಿಯಮ್ ಟ್ರೆಮೆನ್ಸ್ ಅಂತ ಕರೆಯುವ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು.

ಆದ್ದರಿಂದ ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವವರು, ನಡುಕ ನಿಲ್ಲಿಸಲೆಂದೇ ಕುಡಿಯುವವರು, ಹಿಂದೆ ಯಾವಾಗಲಾದರೂ ಬಿಟ್ಟಾಗ ಫಿಟ್ಸ್ ಬಂದವರು ಮೊದಲು ಡಾಕ್ಟರನ್ನು ಕಾಣಬೇಕು. ಈ ಕೆಲವು ದಿನಗಳನ್ನು ದಾಟಿಸಲು ಔಷಧಿ ಇದೆ. ಆಮೇಲೆ ಕುಡಿಯುವ ತುಡಿತವನ್ನು ತಗ್ಗಿಸಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳೂ ಇವೆ. ಚಿಕಿತ್ಸೆ ತೆಗೆದುಕೊಳ್ಳುತ್ತಲೇ ಗುಂಪಿಗೂ ಹೋಗಬಹುದು.

"ನಾನೇನು ಅಷ್ಟು ಕುಡಿಯೋನಲ್ಲ" ಅನ್ನುವವರಿಗೂ ಒಂದು ದಾರಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಪ್ರಶ್ನಾವಳಿಯಲ್ಲಿ ಇರುವುದು 10 ಪ್ರಶ್ನೆ. ಎಷ್ಟು ಸಲ ಕುಡಿಯುತ್ತೀರಿ, ಶುರು ಮಾಡಿದ ಮೇಲೆ ನಿಲ್ಲಿಸಲು ಆಗುತ್ತದೆಯೇ, ಕುಡಿದ ರಾತ್ರಿಯ ನೆನಪು ಹಾರಿಹೋಗಿದೆಯೇ, ಹೀಗೆ. ಒಟ್ಟು 40 ಅಂಕದಲ್ಲಿ 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವಿಷಯ ಹಗುರವಲ್ಲ ಅಂತ ಅರ್ಥ. ಆದರೆ ಗುಂಪಿಗೆ ಹೋಗಲು ಯಾವ ಅಂಕವೂ ಬೇಕಿಲ್ಲ. ಇಂಥ ಗುಂಪುಗಳಲ್ಲಿ ಒಂದಾದ ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ನಿಯಮದ ಪ್ರಕಾರ ಸದಸ್ಯರಾಗಲು ಬೇಕಾದ್ದು ಒಂದೇ, ಕುಡಿತ ನಿಲ್ಲಿಸಬೇಕೆಂಬ ಆಸೆ. ಪೂರ್ತಿ ನಿಲ್ಲಿಸಿರಬೇಕು ಅಂತಲೂ ಇಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ

ಇದನ್ನು ಅರ್ಥ ಮಾಡಿಕೊಳ್ಳಲು ಎಎ ಹುಟ್ಟಿಗೆ ಕಾರಣವಾದ 1935ರ ಒಂದು ಸಂಜೆಗೆ ಹೋಗಬೇಕು. ಬಿಲ್ ವಿಲ್ಸನ್ ನ್ಯೂಯಾರ್ಕಿನವರು, ಷೇರು ಮಾರುಕಟ್ಟೆಯ ಮನುಷ್ಯ. ಕುಡಿತ ಬಿಟ್ಟು ಐದೇ ತಿಂಗಳಾಗಿತ್ತು. ಓಹಾಯೋ ರಾಜ್ಯದ ಆಕ್ರನ್ ಊರಿಗೆ ವ್ಯವಹಾರಕ್ಕೆಂದು ಬಂದಿದ್ದರು, ಅದು ಕೈಕೊಟ್ಟಿತ್ತು. ಹೋಟೆಲಿನ ಹಜಾರದಲ್ಲಿ ಒಬ್ಬರೇ ನಿಂತಿದ್ದರು. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನು. ಅವರು ಫೋನಿನ ಕಡೆಗೆ ಹೋದರು. ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಕರೆ ಮಾಡುತ್ತಾ, ಮಾತಾಡಲು ಒಬ್ಬ ಕುಡುಕ ಬೇಕು ಅಂತ ಕೇಳಿದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಸರ್ಜನ್. ಅವರೂ ಬಿಡಲು ಒದ್ದಾಡುತ್ತಿದ್ದವರು. ಡಾಕ್ಟರ್ ಬಾಬ್ 15 ನಿಮಿಷ ಮಾತ್ರ ಕೂರುತ್ತೇನೆ ಅಂತ ಬಂದವರು ಆರು ಗಂಟೆ ಕೂತರು.

ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಆ ಫೋನ್ ಕರೆ. ಬಿಲ್ ಹುಡುಕಿದ್ದು ತನ್ನನ್ನು ಉಳಿಸುವವರನ್ನಲ್ಲ. ತನ್ನಷ್ಟೇ ಕಷ್ಟದಲ್ಲಿರುವ ಇನ್ನೊಬ್ಬರನ್ನು. ಅವರಿಗೆ ನೆರವಾದರೆ ತಾನು ಆ ಹೊತ್ತು ಕುಡಿಯದೆ ಇರಬಲ್ಲೆ ಅನ್ನುವುದು ಬಿಲ್ ಅವರಿಗೆ ಗೊತ್ತಾಗಿತ್ತು. ಇವತ್ತಿಗೂ ಇಂಥ ಗುಂಪುಗಳು ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ. ನಿಮಗೆ ಕುರ್ಚಿ ತೋರಿಸುವ ಹಳಬರು ನಿಮಗೆ ಉಪಕಾರ ಮಾಡುತ್ತಿಲ್ಲ. ಹೊಸಬರೊಬ್ಬರು ಬಂದು ಕೂತರೆ ಅವರ ಆ ದಿನವೂ ಗಟ್ಟಿಯಾಗುತ್ತದೆ. ಹೊರೆಯಾಗುತ್ತೇನೇನೋ ಅಂತ ಹಿಂಜರಿಯುವವರಿಗೆ ಇದು ಗೊತ್ತಿರಬೇಕು.

ಇನ್ನೊಂದು ಕಾರಣ ನಾಚಿಕೆ. ಕುಡಿತದ ಜೊತೆಗೇ ಸುಳ್ಳು ಬೆಳೆಯುತ್ತದೆ. ಬಾಟಲಿ ಬಚ್ಚಿಡುವುದು, ಬಾಯಿ ವಾಸನೆ ಮುಚ್ಚುವುದು, ರಜೆಗೆ ಕಾರಣ ಹುಡುಕುವುದು. ಇದನ್ನೆಲ್ಲ ತಾನೊಬ್ಬನೇ ಮಾಡಿದ್ದು ಅಂತ ಪ್ರತಿಯೊಬ್ಬರೂ ನಂಬಿರುತ್ತಾರೆ. ಅದೇ ಕಥೆಯನ್ನು ಎದುರಿಗೆ ಕೂತ ಅಪರಿಚಿತರು ಸಲೀಸಾಗಿ ಹೇಳುವುದನ್ನು ಕೇಳಿದಾಗ ಒಳಗೆ ಏನೋ ಸಡಿಲವಾಗುತ್ತದೆ. ಅಣ್ಣ ಕೊನೆಗೂ ಮೊದಲ ಮೀಟಿಂಗ್ ಮುಗಿಸಿ ಮನೆಗೆ ಬಂದು ಹೇಳಿದ್ದು ಇದನ್ನೇ. "ನಾನು ಬಾಟಲಿ ಇಡ್ತಿದ್ದ ಜಾಗದಲ್ಲೇ ಅವರೂ ಇಡ್ತಿದ್ರಂತೆ."

ಸಂಶೋಧನೆಯೂ ಇದಕ್ಕೆ ಬೆಂಬಲವಾಗಿದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆ 27 ಅಧ್ಯಯನಗಳನ್ನು, ಒಟ್ಟು 10,565 ಜನರ ವಿವರಗಳನ್ನು ಒಟ್ಟಿಗೆ ನೋಡಿತು. ಕ್ರಮಬದ್ಧವಾದ ಚಿಕಿತ್ಸೆಯ ಮೂಲಕ ಎಎ ಗುಂಪುಗಳಿಗೆ ಸೇರಿಸಿದವರಲ್ಲಿ ಒಂದು ವರ್ಷದ ನಂತರ ಪೂರ್ತಿ ಕುಡಿತ ಬಿಟ್ಟಿದ್ದವರು ಸುಮಾರು ಶೇ. 42. ಅರಿವಿನ ವರ್ತನಾ ಚಿಕಿತ್ಸೆಯಂಥ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಬೇರೆ ಚಿಕಿತ್ಸೆ ಪಡೆದವರಲ್ಲಿ ಶೇ. 35. ಭಾರಿ ಅಂತರ ಅಲ್ಲ, ಆದರೆ ಉಚಿತವಾಗಿ ಸಿಗುವ, ಬೇಕಾದಷ್ಟು ವರ್ಷ ಮುಂದುವರಿಸಬಹುದಾದ ನೆರವಿಗೆ ಇದು ದೊಡ್ಡ ಮಾತೇ. ಅದೇ ಹೊತ್ತಿಗೆ, ಎಲ್ಲರಿಗೂ ಇದು ಸಾಕಾಗುವುದಿಲ್ಲ ಅನ್ನುವುದನ್ನೂ ಈ ಅಂಕಿಗಳೇ ಹೇಳುತ್ತವೆ.

ಯಾವ ಗುಂಪು, ಎಲ್ಲಿ ಹುಡುಕುವುದು

ಎಎ ಎಲ್ಲಕ್ಕಿಂತ ದೊಡ್ಡದು. ಸುಮಾರು 180 ದೇಶಗಳಲ್ಲಿದೆ. ಅದರ ಹಾದಿ 12 ಮೆಟ್ಟಿಲುಗಳದು. ಕುಡಿತದ ಮುಂದೆ ಸೋತಿದ್ದೇನೆ ಅಂತ ಒಪ್ಪಿಕೊಳ್ಳುವುದು ಮೊದಲನೆಯದು. ತನ್ನ ತಪ್ಪುಗಳನ್ನು ಪಟ್ಟಿ ಮಾಡುವುದು, ನೋಯಿಸಿದವರ ಬಳಿ ಹೋಗಿ ಸರಿಪಡಿಸಿಕೊಳ್ಳುವುದು ಮಧ್ಯದಲ್ಲಿ ಬರುತ್ತವೆ. ತನ್ನಂಥ ಇನ್ನೊಬ್ಬರಿಗೆ ನೆರವಾಗುವುದು ಕೊನೆಯದು.

ಈ ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. ಹಲವರು ಇಲ್ಲೇ ಎಡವುತ್ತಾರೆ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ, ದೇವರು ಅಂದರೆ ‘ನಾವು ಅರ್ಥ ಮಾಡಿಕೊಂಡ ಹಾಗೆ’ ಅಂತ ಮೆಟ್ಟಿಲಿನ ಮಾತಿನಲ್ಲೇ ಸೇರಿಸಿದ್ದಾರೆ. ಗುಂಪನ್ನೇ ತನಗಿಂತ ದೊಡ್ಡ ಶಕ್ತಿ ಅಂದುಕೊಂಡು ಮುಂದೆ ಹೋದ ನಾಸ್ತಿಕರೂ ಇದ್ದಾರೆ. ಆದರೂ ಒಗ್ಗದಿದ್ದರೆ ಬಲವಂತ ಮಾಡಿಕೊಳ್ಳಬೇಕಿಲ್ಲ. ಬೇರೆ ದಾರಿಗಳಿವೆ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿಯಲ್ಲಿ ದೇವರ ಮಾತಿಲ್ಲ. ತುಡಿತ ಬಂದಾಗ ಏನು ಮಾಡಬೇಕು, ಯಾವ ಯೋಚನೆ ಕುಡಿತದ ಕಡೆ ಎಳೆಯುತ್ತದೆ ಅಂತ ಗುರುತಿಸಿ ಅಭ್ಯಾಸ ಮಾಡಿಸುತ್ತಾರೆ. ತರಬೇತಿ ಪಡೆದವರು ಮೀಟಿಂಗ್ ನಡೆಸುತ್ತಾರೆ, ಒಬ್ಬರಿಗೊಬ್ಬರು ಪ್ರಶ್ನೆ ಕೇಳಬಹುದು, ಚರ್ಚೆ ನಡೆಯುತ್ತದೆ. ಲೈಫ್‌ರಿಂಗ್ ಕೂಡ ಧರ್ಮದ ಮಾತಿಲ್ಲದ ಗುಂಪು. ಹೆಂಗಸರಿಗಾಗಿಯೇ ವಿಮೆನ್ ಫಾರ್ ಸೊಬ್ರೈಟಿ ಇದೆ. ಎಎಯಲ್ಲೂ ಹೆಂಗಸರಿಗೆ, ಯುವಕರಿಗೆ ಬೇರೆ ಮೀಟಿಂಗುಗಳು ಹಲವೆಡೆ ನಡೆಯುತ್ತವೆ. ಗಂಡಸರೇ ತುಂಬಿದ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಬಾಯಿ ಬಿಡುವುದು ಕಷ್ಟವಾದರೆ ಮೊದಲೇ ಇಂಥದ್ದನ್ನು ಹುಡುಕುವುದು ಒಳ್ಳೆಯದು.

ಹುಡುಕುವುದು ಈಗ ಸುಲಭ. ಈ ಸಂಸ್ಥೆಗಳ ಜಾಲತಾಣಗಳಲ್ಲೇ ಮೀಟಿಂಗಿನ ಪಟ್ಟಿ ಇರುತ್ತದೆ. ಎಎಯ ‘ಮೀಟಿಂಗ್ ಗೈಡ್’ ಎಂಬ ಉಚಿತ ಆ್ಯಪ್ ಕೂಡ ಇದೆ, ಎಲ್ಲ ದೇಶಗಳ ಮಾಹಿತಿ ಅದರಲ್ಲಿ ಸಿಗದಿರಬಹುದು. ಆಸ್ಪತ್ರೆಯ ಮನೋವೈದ್ಯರ ವಿಭಾಗದಲ್ಲಿ, ವ್ಯಸನಮುಕ್ತಿ ಕೇಂದ್ರಗಳಲ್ಲಿ ಕೇಳಿದರೂ ಹೇಳುತ್ತಾರೆ. ಪಟ್ಟಿಯನ್ನು ಪೂರ್ತಿ ನಂಬಿ ಹೋಗಬೇಡಿ. ಜಾಗ, ಸಮಯ ಬದಲಾಗಿರುತ್ತದೆ. ಧೈರ್ಯ ಮಾಡಿ ಹೋದಾಗ ಬೀಗ ಕಂಡರೆ ಮತ್ತೆ ಹೊರಡುವುದು ಕಷ್ಟ. ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಫೋನ್ ಎತ್ತಿದವರಿಗೆ "ಮೊದಲ ಸಲ ಬರ್ತಿದ್ದೀನಿ" ಅಂದರೆ ಸಾಕು. ಎಷ್ಟೋ ಕಡೆ ಬಾಗಿಲ ಹತ್ತಿರ ಒಬ್ಬರು ಕಾದಿರುತ್ತಾರೆ.

ಪಟ್ಟಿಯಲ್ಲಿ ‘ಓಪನ್’, ‘ಕ್ಲೋಸ್ಡ್’ ಅಂತ ಬರೆದಿರುತ್ತದೆ. ಓಪನ್ ಮೀಟಿಂಗಿಗೆ ಮನೆಯವರು, ಸ್ನೇಹಿತರು, ಸುಮ್ನೆ ತಿಳಿದುಕೊಳ್ಳಲು ಬಂದವರು ಯಾರು ಬೇಕಾದರೂ ಹೋಗಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕೆಂದಿರುವವರಿಗೆ ಮಾತ್ರ. ಜೊತೆಗೆ ಯಾರಾದರೂ ಇದ್ದರೆ ಮಾತ್ರ ಹೋಗುತ್ತೇನೆ ಅನ್ನುವವರು ಓಪನ್ ಮೀಟಿಂಗಿನಿಂದ ಶುರು ಮಾಡಬಹುದು.

ಆನ್‌ಲೈನ್ ಮೀಟಿಂಗುಗಳೂ ಬೇಕಾದಷ್ಟಿವೆ, ದಿನದ ಯಾವ ಹೊತ್ತಿಗೂ ಎಲ್ಲೋ ಒಂದು ನಡೆಯುತ್ತಿರುತ್ತದೆ. ಕ್ಯಾಮೆರಾ ಆಫ್ ಮಾಡಿ ಕೇಳಿಸಿಕೊಳ್ಳಬಹುದು, ಕೆಲವು ಕಡೆ ಮಾತ್ರ ಆನ್ ಮಾಡಲು ಹೇಳುತ್ತಾರೆ. ಮೊದಲ ಹೆಜ್ಜೆಗೆ ಇದು ಚೆನ್ನಾಗಿದೆ. ಆದರೆ ಎದುರಾಬದುರು ಕೂರುವ ಗುಂಪು ಹತ್ತಿರದಲ್ಲಿದ್ದರೆ ಅದನ್ನು ಬಿಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮೀಟಿಂಗ್ ಮುಗಿದ ಮೇಲೆ ಹೊರಗೆ ನಿಂತು ಆಡುವ ಹತ್ತು ನಿಮಿಷದ ಮಾತು ಪರದೆಯ ಮೇಲೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಒಳಗೆ ಏನಾಗುತ್ತದೆ

ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಕುರ್ಚಿಗಳು ಸುತ್ತಲೂ ಅಥವಾ ಸಾಲಾಗಿ. ಆ ದಿನ ನಡೆಸಿಕೊಡುವವರು ಸ್ವಾಗತಿಸಿ, ಗುಂಪಿನ ಉದ್ದೇಶವನ್ನು ಓದುತ್ತಾರೆ. ಕೆಲವು ಕಡೆ ಒಬ್ಬರೇ ತಮ್ಮ ಇಡೀ ಕಥೆ ಹೇಳುತ್ತಾರೆ. ಕೆಲವು ಕಡೆ ಒಂದು ಮೆಟ್ಟಿಲನ್ನು ಅಥವಾ ಒಂದು ವಿಷಯವನ್ನು ಇಟ್ಟುಕೊಂಡು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಎಎಯಲ್ಲಿ ಸಾಮಾನ್ಯವಾಗಿ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೇಳಿದರು, ಕೇಳಿದರು, ಮುಂದಿನವರು. ಮೊದಮೊದಲು ಇದು ವಿಚಿತ್ರ ಅನ್ನಿಸುತ್ತದೆ. ಯಾರೂ ತೀರ್ಪು ಕೊಡದ ಜಾಗದಲ್ಲಿ ಮಾತಾಡಿ ಎಷ್ಟು ವರ್ಷವಾಗಿತ್ತು ಅಂತ ಆಮೇಲೆ ಹೊಳೆಯುತ್ತದೆ.

ಅಣ್ಣನ ಎರಡನೇ ಪ್ರಶ್ನೆಗೆ ಉತ್ತರ: ಮಾತಾಡಲೇಬೇಕು ಅಂತ ಇಲ್ಲ. ನಿಮ್ಮ ಸರದಿ ಬಂದರೆ "ಇವತ್ತು ಸುಮ್ನೆ ಕೇಳ್ತೀನಿ" ಅಂದರೆ ಆಯಿತು. ಮುಂದಿನವರಿಗೆ ಹೋಗುತ್ತದೆ. ಹೆಸರು ಹೇಳುವುದಾದರೂ ಮೊದಲ ಹೆಸರು ಸಾಕು. ಯಾವ ಕೆಲಸ, ಯಾರ ಮನೆಯವರು ಅಂತ ಕೇಳುವುದಿಲ್ಲ. ಕೊನೆಯಲ್ಲಿ ಖರ್ಚಿಗೆಂದು ಡಬ್ಬಿಯೋ ಬುಟ್ಟಿಯೋ ಸುತ್ತು ಬರುತ್ತದೆ, ಹೊರಗಿನವರ ದೇಣಿಗೆಯನ್ನು ಎಎ ಪಡೆಯುವುದಿಲ್ಲವಾದ್ದರಿಂದ ಬಾಡಿಗೆ ಹೀಗೇ ನಡೆಯಬೇಕು. ಹೊಸಬರು ಹಾಕದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮೊದಲ ಪ್ರಶ್ನೆ ಗುರುತಿನವರದ್ದು. ಗುರುತಿನವರು ಸಿಗಬಹುದು. ಆದರೆ ಅವರು ಅಲ್ಲಿ ಕೂತಿರುವುದೂ ಅದೇ ಕಾರಣಕ್ಕೆ ಅಲ್ವಾ? ನಿಮ್ಮನ್ನು ನೋಡಿ ಅವರಿಗೂ ಅದೇ ಅಳುಕು. ಯಾರು ಬಂದಿದ್ದರು, ಏನು ಹೇಳಿದರು ಅನ್ನುವುದನ್ನು ಹೊರಗೆ ಒಯ್ಯಬಾರದು ಅನ್ನುವುದು ಈ ಗುಂಪುಗಳ ಮುಖ್ಯ ಕಟ್ಟುಪಾಡು. ಆದರೂ ಇದು ಜನ ಪಾಲಿಸುವ ಮಾತು, ಕಾನೂನಿನ ಕಾವಲು ಅಲ್ಲ. ಡಾಕ್ಟರಿಗೆ ಇರುವಂಥ ಗುಟ್ಟು ಕಾಯುವ ಕಾನೂನಿನ ಹೊಣೆ ಪಕ್ಕದ ಕುರ್ಚಿಯವರಿಗೆ ಇರುವುದಿಲ್ಲ. ಹಾಗಾಗಿ ಕುಡಿತದ ಬಗ್ಗೆ ಮನಬಿಚ್ಚಿ ಹೇಳಿ, ಕೋರ್ಟಿನಲ್ಲಿರುವ ವಿಷಯವನ್ನೋ ಇನ್ನೊಬ್ಬರ ಗುಟ್ಟನ್ನೋ ಮೀಟಿಂಗಿನಲ್ಲಿ ತೆಗೆಯಬೇಡಿ, ಸ್ಪಾನ್ಸರ್ ಇಲ್ಲವೇ ಆಪ್ತಸಲಹೆಗಾರರ ಜೊತೆ ಒಬ್ಬರೇ ಇರುವಾಗಲೂ ಯೋಚಿಸಿ ಹೇಳಿ.

ಸ್ಪಾನ್ಸರ್ ಅಂದೆನಲ್ಲ, ಅದು ದುಡ್ಡು ಕೊಡುವವರ ವಿಷಯ ಅಲ್ಲ. ಕುಡಿತ ಬಿಟ್ಟು ಸ್ವಲ್ಪ ಕಾಲವಾಗಿರುವ, ಮೆಟ್ಟಿಲುಗಳನ್ನು ತಾವು ಹತ್ತಿ ನೋಡಿರುವ ಹಳಬರು ಹೊಸಬರ ಕೈ ಹಿಡಿಯುತ್ತಾರೆ. ಅವರೇ ಸ್ಪಾನ್ಸರ್. ತುಡಿತ ಬಂದ ರಾತ್ರಿ ಫೋನ್ ಮಾಡಬಹುದಾದವರು. ಮೊದಲ ವಾರವೇ ಆರಿಸಬೇಕಿಲ್ಲ. ನಾಲ್ಕೈದು ಮೀಟಿಂಗ್ ಕೂತು, ಯಾರ ಮಾತು ಮನಸ್ಸಿಗೆ ಹತ್ತಿರ ಬರುತ್ತದೋ ಅವರನ್ನು ಕೇಳಿ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಅನ್ನುವುದು ರೂಢಿ. ಪ್ರೀತಿ ಪ್ರೇಮದ ಎಳೆತ ಹುಟ್ಟಬಾರದು ಅನ್ನುವುದು ಅದರ ಹಿಂದಿನ ಕಾಳಜಿ.

ಒಂದು ವಿಷಯದಲ್ಲಿ ಗಟ್ಟಿಯಾಗಿರಿ. "ಡಾಕ್ಟರ್ ಕೊಟ್ಟ ಮಾತ್ರೆ ಬಿಡು, ಅದೂ ಒಂದು ಚಟವೇ" ಅಂತ ಗುಂಪಿನಲ್ಲಿ ಯಾರಾದರೂ ಹೇಳಿದರೆ ಕೇಳಬೇಡಿ. ಸದಸ್ಯರು ಡಾಕ್ಟರ್ ಆಗಲು ಹೋಗಬಾರದು ಅಂತ ಎಎಯೇ ತನ್ನ ಕಿರುಹೊತ್ತಗೆಯಲ್ಲಿ ಹೇಳಿದೆ. ಹಾಗೇ ಸಾಲ ಕೇಳುವವರು, ಹೊಸಬರ ಮೈಮೇಲೆ ಬೀಳುವವರು, ಮನೆಯವರಿಂದ ದೂರ ಇರು ಅನ್ನುವವರು ಕಂಡರೆ ಆ ಗುಂಪನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ. ಒಂದೇ ಹೆಸರಿನ ಎರಡು ಗುಂಪುಗಳ ಗಾಳಿಯೇ ಬೇರೆ ಇರುತ್ತದೆ. ಒಂದು ಮೀಟಿಂಗ್ ಹಿಡಿಸಲಿಲ್ಲ ಅಂತ ಎಲ್ಲವನ್ನೂ ತಳ್ಳಿಹಾಕುವುದು ಅವಸರ. ಕೊನೆಯ ಪಕ್ಷ ಐದಾರು ಮೀಟಿಂಗ್, ಎರಡು ಮೂರು ಗುಂಪು ನೋಡಿ ತೀರ್ಮಾನಿಸಿ.

ಮನೆಯವರಿಗೂ ಒಂದು ಕೋಣೆ ಇದೆ

ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬರ ಜೊತೆ ಅಲ್-ಅನಾನ್ ಶುರು ಮಾಡಿದರು. ಅದು ಕುಡಿಯುವವರ ಮನೆಯವರಿಗೆ. ಹದಿಹರೆಯದ ಮಕ್ಕಳಿಗೆ 1957ರಿಂದ ಅಲಟೀನ್ ಇದೆ. ಕುಡಿಯುವವರು ಬಿಡದೇ ಇದ್ದರೂ ಮನೆಯವರು ಹೋಗಬಹುದು. ನಾನು ಹೋದದ್ದು ತಡವಾಗಿ. ಅಣ್ಣನ ಜೇಬು ತಡಕುವುದು, ಆಫೀಸಿಗೆ ಸುಳ್ಳು ಹೇಳಿ ರಜೆ ಕೇಳುವುದು, ಬಾಟಲಿ ಚೆಲ್ಲುವುದು, ಇದನ್ನೇ ನೆರವು ಅಂದುಕೊಂಡಿದ್ದೆ. ಕುಡಿತಕ್ಕೆ ನಾನು ಕಾರಣ ಅಲ್ಲ, ಅದನ್ನು ಹಿಡಿತಕ್ಕೆ ತರಲು, ವಾಸಿ ಮಾಡಲು ನನ್ನಿಂದ ಆಗುವುದಿಲ್ಲ ಅಂತ ಅಲ್ಲಿ ಪದೇ ಪದೇ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ಅದು ಕೈತೊಳೆದುಕೊಳ್ಳುವ ಮಾತು ಅನ್ನಿಸಿ ಸಿಟ್ಟು ಬಂದಿತ್ತು. ಆ ರಾತ್ರಿ ಮಾತ್ರ ಬಹಳ ದಿನಗಳ ನಂತರ ಚೆನ್ನಾಗಿ ನಿದ್ದೆ ಮಾಡಿದೆ.

ಮತ್ತೆ ಕುಡಿದರೆ

ಎಷ್ಟು ದಿನಕ್ಕೊಮ್ಮೆ ಹೋಗಬೇಕು ಅಂತ ನಿಯಮ ಇಲ್ಲ. 90 ದಿನದಲ್ಲಿ 90 ಮೀಟಿಂಗ್ ಅನ್ನುವ ಮಾತು ಎಎ ಗುಂಪುಗಳಲ್ಲಿ ಕೇಳುತ್ತದೆ. ಮೊದಲ ತಿಂಗಳುಗಳಲ್ಲಿ ಜಾರುವ ಸಂಭವ ಜಾಸ್ತಿ, ಸಂಜೆಗಳು ಖಾಲಿ, ಅದಕ್ಕೇ ಈ ಸಲಹೆ. ಆಗದವರು ವಾರಕ್ಕೆ ಎರಡು ಮೂರು ಹೋಗಲಿ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಒಂದು ಬಂದರೂ ತುಡಿತ ಬೇಗ ಕೆರಳುತ್ತದೆ ಅಂತ ಹಳಬರು ಹೇಳಿಕೊಡುತ್ತಾರೆ. ಕೇಳಲು ಸಣ್ಣ ಮಾತು. ಆದರೆ ಕುಡಿಯಬೇಕು ಅನ್ನಿಸಿದಾಗ "ಊಟ ಆಯ್ತಾ?" ಅಂತ ಮೊದಲು ತನ್ನನ್ನೇ ಕೇಳಿಕೊಳ್ಳುವುದರಿಂದ ಎಷ್ಟೋ ಸಂಜೆಗಳು ದಾಟಿವೆ.

ಆದರೂ ಜಾರುವವರಿದ್ದಾರೆ. ಆ ಆರು ಗಂಟೆಯ ಮಾತಿನ ನಂತರ ಡಾಕ್ಟರ್ ಬಾಬ್ ಅವರೂ ಮತ್ತೆ ಕುಡಿದರು. ವೈದ್ಯರ ಸಮ್ಮೇಳನಕ್ಕೆಂದು ಊರು ಬಿಟ್ಟು ಹೋದವರು ಕುಡಿದು ಬಂದರು. ಬಿಲ್ ಮಾತ್ರ ಅವರ ಕೈ ಬಿಡಲಿಲ್ಲ, ಚೇತರಿಸಿಕೊಳ್ಳುವವರೆಗೆ ಜೊತೆಗಿದ್ದರು. ಡಾಕ್ಟರ್ ಬಾಬ್ ಕೊನೆಯ ಸಲ ಕುಡಿದದ್ದು 1935ರ ಜೂನ್ 10ರಂದು. ಎಎ ಹುಟ್ಟಿದ ದಿನ ಅಂತ ಲೆಕ್ಕ ಹಿಡಿಯುವುದು ಆ ದಿನವನ್ನೇ. 1950ರಲ್ಲಿ ಸಾಯುವವರೆಗೆ ಅವರು ಮತ್ತೆ ಕುಡಿಯಲಿಲ್ಲ.

ಮತ್ತೆ ಕುಡಿದವರನ್ನು ಗುಂಪು ಹೊರಗೆ ಹಾಕುವುದಿಲ್ಲ. ಹೊರಗೆ ಇಡುವುದು ಅವರವರ ನಾಚಿಕೆ. ಅಣ್ಣ ನಾಲ್ಕನೇ ತಿಂಗಳಲ್ಲಿ ಜಾರಿದ. ಎರಡು ದಿನ ಫೋನ್ ಆಫ್ ಮಾಡಿಕೊಂಡು ಮಲಗಿದ್ದ. ಮೂರನೇ ದಿನ ಬೆಳಗ್ಗೆ ಸ್ಪಾನ್ಸರ್‌ಗೆ ಏನು ಹೇಳಬೇಕು ಅಂತ ಕಾಗದದ ಮೇಲೆ ಬರೆದು, ಹೊಡೆದು ಹಾಕಿ, ಮತ್ತೆ ಬರೆದ. ಕೊನೆಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಕುಡಿದುಬಿಟ್ಟೆ. ಇವತ್ತು ಮೀಟಿಂಗ್ ಎಷ್ಟು ಗಂಟೆಗೆ?"

ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ಏಳಕ್ಕೆ. ನಾನು ಬಾಗಿಲ ಹತ್ರ ಇರ್ತೀನಿ."